ಕೊಳವೆ ತೆಗೆಯದ ನೇರಳೆ ಸುರುಳಿ

ಕವಾಸಾಕಿ
ಡಿಸೆಂಬರ್ 9, 1996, ಸೋಮವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಇವತ್ತು ಬೆಳಿಗ್ಗೆ ಬಟ್ಟೆ ಒಗೆಯಲು ಹಾಕೋಣವೆಂದು ಶೋಗೊನ ಚೀಲ ಕೊಡವಿದೆ. ಒದ್ದೆ ಟವೆಲಿನ ಮಡಿಕೆಯಿಂದ ಒಂದು ರಟ್ಟಿನ ಕೊಳವೆ ಉರುಳಿ ಬಂದು ನನ್ನ ಕಾಲ್ಬೆರಳಿಗೆ ತಾಗಿ ನಿಂತಿತು. ಹೆಬ್ಬೆರಳಿನಷ್ಟು ದಪ್ಪ, ಅದಕ್ಕಿಂತ ಗಿಡ್ಡ, ಕಲ್ಲಿನಷ್ಟು ಗಟ್ಟಿ. ಒಂದು ಗೇಣಿನಷ್ಟು ನೇರಳೆ ಕಾಗದ ಇನ್ನೂ ಅದಕ್ಕೆ ಅಂಟಿಕೊಂಡಿತ್ತು. ಅದರ ವಿಷಯ ಆಮೇಲೆ. ಮೊದಲು ಕೇಳಬೇಕಾದದ್ದನ್ನು ಕೇಳಿಬಿಡುತ್ತೇನೆ.

ನಿಮ್ಮ ಮೊಣಕಾಲು ಹೇಗಿದೆ? ಕುತ್ತಿಗೆಯ ಪಟ್ಟಿಯನ್ನು ಹಾಕಿಕೊಳ್ಳುತ್ತಿದ್ದೀರೋ ಅಥವಾ ಅದು ಈಗಲೂ ಕಿನು ಅತ್ತೆಯ ಬಾಗಿಲ ಮೊಳೆಗೆ ನೇತುಬಿದ್ದಿದೆಯೋ? ಅಲ್ಲಿ ಹಿಮ ಸೊಂಟದವರೆಗೆ ಬಂದಿದೆಯೆಂದು ರೇಡಿಯೊದಲ್ಲಿ ಹೇಳಿದರು. ಅತ್ತೆಗೆ ಸೂರಿನ ಹಿಮ ತಳ್ಳಲು ಬಿಡಬೇಡಿ, ನೀವೂ ಹತ್ತಬೇಡಿ, ಪಕ್ಕದ ಮನೆಯವರನ್ನು ಕರೆಯಿರಿ. ಸೇಬಿನ ಪೆಟ್ಟಿಗೆ ತಲುಪಿತು. ಭತ್ತದ ಹೊಟ್ಟಿನೊಳಗೆ ಒಂದಕ್ಕೂ ಪೆಟ್ಟಾಗಿರಲಿಲ್ಲ. ಅಮ್ಮ ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಹಣ್ಣು ಹೀಗೆ ಮೆತ್ತಗೆ ಕಟ್ಟೋಕೆ ಬರುತ್ತೆ, ಮನುಷ್ಯರ ಹತ್ರ ಒಂದು ಮಾತು ಮೆತ್ತಗೆ ಆಡೋಕೆ ಬರಲ್ಲ" ಎಂದಳು. ಹೇಳಿದ್ದನ್ನು ಹಾಗೆಯೇ ಬರೆದಿದ್ದೇನೆ. ಅಂದಹಾಗೆ ಹಲ್ಲುನೋವು ಕಡಿಮೆಯಾಯಿತೇ? ನಿನ್ನೆ ಬೆಳಿಗ್ಗೆ ಫೋನ್ ಮಾಡಿದಾಗ ಅತ್ತೆ, "ನಿಮ್ಮಪ್ಪ ಹಲ್ಲಿನ ಡಾಕ್ಟರ್ ಹತ್ರ ಹೋಗಿದಾನೆ ಕಣೇ, ಬರೋದು ತಡ ಆಗುತ್ತೆ" ಎಂದರು. ಭಾನುವಾರ ಬಾಗಿಲು ತೆಗೆಯುವ ಹಲ್ಲಿನ ಡಾಕ್ಟರು ನಿಮ್ಮೂರಿನಲ್ಲಿ ಇದ್ದಾರೆಂಬುದೇ ನನಗೆ ಹೊಸದು. ನಿಮ್ಮ ಬಾಯಲ್ಲಿ ನೋಯುವುದಕ್ಕೆ ನಿಮ್ಮದೇ ಹಲ್ಲು ಇನ್ನೂ ಉಳಿದಿದೆ ಎಂಬುದು ಅದಕ್ಕಿಂತ ಹೊಸದು.

ಅಪ್ಪಾ, ನನಗೆ ಸಾಕಾಗಿದೆ. ಇದನ್ನು ಫೋನಿನಲ್ಲಿ ಹೇಳುವಷ್ಟು ಧೈರ್ಯ ನನಗಿಲ್ಲ. ನಿಮ್ಮ ದನಿ ಕೇಳಿದ ಕೂಡಲೇ ನಾನು "ಹೌದು ಅಪ್ಪಾ" ಎಂದುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಗೊತ್ತಿರುವ ಸಂಗತಿಗಳೂ ಈ ಕಾಗದದಲ್ಲಿ ಬಹಳ ಬರುತ್ತವೆ. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇರುವವರಿಗೆ ಮೊದಲಿನಿಂದಲೇ ಬರೆಯಬೇಕಾಗುತ್ತದೆ.

ಎರಡು ವರ್ಷದ ಹಿಂದೆ ಶೋಗೊ ಶಾಲೆ ಮುಗಿಸಿ ನಿಮ್ಮ ಹಳೆಯ ಗರಡಿಗೇ ಸೇರುತ್ತೇನೆ ಎಂದ. ನೀವು ಊಟದ ಬಟ್ಟಲನ್ನು ಕೆಳಗಿಟ್ಟು, "ನನ್ನ ಕುತ್ತಿಗೆ ನೋಡು, ಆಮೇಲೆ ಮಾತಾಡು" ಎಂದಿರಿ. ಅವನು, "ನೋಡಿಯೇ ಬೆಳೆದಿದೀನಿ, ಅದಕ್ಕೇ ಕೇಳ್ತಿರೋದು" ಎಂದ. ನೀವು ಆ ವಾರವೇ ಅತ್ತೆಯ ಸೇಬಿನ ತೋಟಕ್ಕೆ ಹೊರಟುಹೋದಿರಿ. ಹೋಗುವಾಗ ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಾ, "ಇವನು ಒಂದು ಪಂದ್ಯ ಗೆಲ್ಲುವವರೆಗೆ ನಾನು ಆ ಕುಸ್ತಿ ಸಭಾಂಗಣದ ಮೆಟ್ಟಿಲು ಹತ್ತಲ್ಲ" ಎಂದಿರಿ. ಮೇಲಿನ ಕೋಣೆಯಿಂದ ಅವನು, "ಗೆಲ್ಲೋವರೆಗೆ ನಾನೂ ತೋಟಕ್ಕೆ ಬರಲ್ಲ" ಎಂದ. ಅಮ್ಮ ಅನ್ನದ ಪಾತ್ರೆ ತೊಳೆಯುತ್ತಲೇ, "ಒಂದು ಬಂಡೆ ಸಾಲದೂಂತ ಇನ್ನೊಂದು ಹೆತ್ತೆ ನೋಡು" ಎಂದಳು. ನೀವು ಕುಸ್ತಿಯ ರಿಂಗಿನಲ್ಲಿದ್ದ ಇಪ್ಪತ್ತೇಳು ವರ್ಷ ಇಡೀ ದೇಶ ನಿಮ್ಮನ್ನು 'ನೇರಳೆ ಬಂಡೆ' ಎಂದು ಕೂಗಿದೆ. ಆ ಹೆಸರನ್ನು ಇಟ್ಟವರು ನಮ್ಮ ಮನೆಯ ಊಟದ ಮೇಜಿನ ಹತ್ತಿರ ಕುಳಿತೇ ಇಟ್ಟಿರಬೇಕು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಅಂದಿನಿಂದ ನಿಮ್ಮಿಬ್ಬರ ನಡುವಿನ ಅಂಚೆಪೆಟ್ಟಿಗೆ ನಾನು. ಅವನ ಪಂದ್ಯದ ಮರುದಿನ ನಿಮ್ಮ ಫೋನು ಬರುತ್ತದೆ. ಗೆದ್ದನೋ ಸೋತನೋ ಎಂದು ಕೇಳುವುದಿಲ್ಲ. "ಬಿದ್ದಾಗ ಗದ್ದ ಎಲ್ಲಿತ್ತು?" ಎದೆಗೆ ತಾಗಿತ್ತು, ಕುತ್ತಿಗೆಗೆ ಪೆಟ್ಟಿಲ್ಲ ಎಂದರೆ "ಹ್ಞೂಂ". ಸ್ವಲ್ಪ ಮೇಲಿತ್ತು ಎಂದರೂ "ಹ್ಞೂಂ". ಆಮೇಲೆ ಗರಡಿಯ ಫೋನಿನಿಂದ, ಹಿಂದೆ ಹಿರಿಯರ ಬಟ್ಟೆ ಒಗೆಯುವ ಯಂತ್ರದ ಸದ್ದಿನ ನಡುವೆ, ಶೋಗೊ: "ಅಕ್ಕಾ, ಅಪ್ಪ ಏನಂದ್ರು?" ನಾನು ಸಾಹಿತ್ಯ ಓದಿದವಳು. ಆಸ್ಥಾನದ ಹೆಂಗಸರು ಸಾವಿರ ವರ್ಷದ ಹಿಂದೆ ಬರೆದಿಟ್ಟ ದಿನಚರಿಗಳ ಮೇಲೆ ನಾಲ್ಕು ವರ್ಷ ಕಣ್ಣು ಸವೆಸಿದೆ. ಈಗ ಹಳೆಯ ಪುಸ್ತಕದಂಗಡಿಯಲ್ಲಿ ಧೂಳು ಒರೆಸುತ್ತಾ, ಬಿಡುವಿನಲ್ಲಿ ತಮ್ಮನ ಗದ್ದ ಎಲ್ಲಿತ್ತೆಂದು ವರದಿ ಮಾಡುತ್ತೇನೆ. ನಿಮ್ಮ ಒಂದು 'ಹ್ಞೂಂ'ಗೆ ಇದುವರೆಗೆ ಹದಿನಾಲ್ಕು ಅರ್ಥ ಹೇಳಿದ್ದೇನೆ. "ಪರವಾಗಿಲ್ಲ ಅಂದ್ರು." "ಹೊಟ್ಟೆ ಗಟ್ಟಿ ಮಾಡ್ಕೋಬೇಕಂತೆ." "ಚಳಿಗೆ ಕಿವಿ ಮುಚ್ಕೋ ಅಂದ್ರು." ಇವು ಯಾವುವೂ ನಿಮ್ಮ ಮಾತಲ್ಲ. ಕಿವಿಯ ವಿಷಯವನ್ನು ನೀವು ನಿಜವಾಗಿಯೂ ಹೇಳಿದಿರೆಂದು ನಂಬಿ ಅವನು ಉಣ್ಣೆಯ ಟೋಪಿ ಕೊಂಡಿದ್ದಾನೆ.

ಮಾರ್ಚಿನಿಂದ ನಲವತ್ತು ಪಂದ್ಯ, ನಲವತ್ತು ಸೋಲು. ಹೊಸಬರು ಹಾಗೆಯೇ ಶುರು ಮಾಡಬೇಕು ಎಂಬುದನ್ನು ನನಗೆ ಕಲಿಸಿದವರು ನೀವೇ. ಬಣ್ಣವಿಲ್ಲದ ಕಪ್ಪು ಚಡ್ಡಿ, ಕಪ್ಪು ಬೂಟು, ಮೊದಲನೆಯ ಪಂದ್ಯ, ಜನ ಇನ್ನೂ ಕುರ್ಚಿ ಹುಡುಕುತ್ತಿರುವಾಗಲೇ ಮುಗಿದುಹೋಗುವ ಹತ್ತು ನಿಮಿಷ. ಹಾರುವಂತಿಲ್ಲ, ಮೆರೆಯುವಂತಿಲ್ಲ. ಸೋಲುವುದಾದರೂ ಗೆಲ್ಲುವುದಾದರೂ ಆ ಒಂದೇ ಸಿಗಡಿ ಹಿಡಿತ: ಎದುರಾಳಿಯನ್ನು ಬೋರಲು ಹಾಕಿ, ಎರಡೂ ಕಾಲನ್ನು ಕಂಕುಳಲ್ಲಿ ಸಿಕ್ಕಿಸಿ, ಸಿಗಡಿಯ ಹಾಗೆ ಹಿಂದಕ್ಕೆ ಬಗ್ಗಿಸುವುದು. ಶೋಗೊ ಅದರಲ್ಲಿ ನಲವತ್ತು ಸಲ ಬಗ್ಗಿದ್ದಾನೆ. ಬೇರೆ ಹೊಸಬರು ಸೋತರೆ ಜನ ಚಪ್ಪಾಳೆ ತಟ್ಟಿ ಸುಮ್ಮನಾಗುತ್ತಾರೆ. ಇವನು ಸೋತರೆ ಹಿಂದಿನಿಂದ ಯಾರೋ, "ಏಯ್, ನಿಮ್ಮಪ್ಪನ್ನ ಕರ್ಕೊಂಬಾರೋ!" ಎನ್ನುತ್ತಾರೆ. ಇಡೀ ಸಾಲು ನಗುತ್ತದೆ. ನಾನು ಕಂಬದ ಪಕ್ಕದ ಕುರ್ಚಿಯಲ್ಲಿ ಕುಳಿತು ಟಿಕೆಟಿನ ಮೂಲೆ ಮಡಿಸುತ್ತಿರುತ್ತೇನೆ.

ಈಗ ಹೋದ ಶುಕ್ರವಾರದ ವಿಷಯ. ಸೇಬಿನ ಪೆಟ್ಟಿಗೆಯ ಅಡಿಯಲ್ಲಿ ನಿಮ್ಮ ಲಕೋಟೆ ಇತ್ತು. ಅದರಲ್ಲಿ ನಿಮ್ಮ ಕೆಂಪು ಮೊಹರು ಬಿದ್ದ ಒಪ್ಪಿಗೆ ಪತ್ರ: ಹೊಸ ವರ್ಷದ ಮೊದಲ ಪಂದ್ಯಾವಳಿಯಿಂದ ಶೋಗೊ 'ಎರಡನೆಯ ನೇರಳೆ ಬಂಡೆ' ಆಗಬಹುದು, ನೇರಳೆ ಚಡ್ಡಿ ಹಾಕಬಹುದು, ನಿಮ್ಮ ಪಟ್ಟುಗಳನ್ನೆಲ್ಲ ಹಾಕಬಹುದು. ಜೊತೆಗೆ ನಿಮ್ಮ ಅಕ್ಷರದಲ್ಲಿ ಒಂದು ಚೀಟಿ: "ಸೋಮವಾರ ಕಚೇರಿಯಲ್ಲಿ ಮಿಜೊಗುಚಿಗೆ ಕೊಡು. ಅವನಿಗೆ ಹೇಳಬೇಡ. ಶುಕ್ರವಾರ ಪೋಸ್ಟರು ಅಚ್ಚಿಗೆ ಹೋಗುತ್ತೆ." ಮೂರು ಸಾಲು. ಅದರಲ್ಲಿ ಮಗನ ಹೆಸರು ಒಂದು ಕಡೆಯೂ ಇಲ್ಲ.

ನೀವು ಯಾಕೆ ಹೀಗೆ ಮಾಡಿದಿರೆಂದು ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡಿ. ಮೊದಲನೆಯ ಪಂದ್ಯದ ಹೊಸಬನಾಗಿ ವರ್ಷಗಟ್ಟಲೆ ಬಿದ್ದು ಬಿದ್ದು ಕುತ್ತಿಗೆ ಸವೆಯುವ ಮೊದಲೇ ಅವನನ್ನು ಮೇಲಕ್ಕೆ ಎತ್ತಿ ಕೂರಿಸಬೇಕೆಂಬ ಆತುರ ನಿಮಗೆ. ನಿಮ್ಮ ಕತ್ತಿನ ಹಿಂದಿನ ಹೊಲಿಗೆಯನ್ನು ದಿನವೂ ಕನ್ನಡಿಯಿಲ್ಲದೆ ನೋಡುತ್ತಿದ್ದೀರಿ. ಆದರೆ ಹೋದ ತಿಂಗಳು ರಜೆಗೆ ಬಂದಾಗ ಶೋಗೊ ಅಡುಗೆಮನೆಯಲ್ಲಿ ಮೂಲಂಗಿ ತುರಿಯುತ್ತಾ ನನಗೆ ಹೇಳಿದ್ದನ್ನು ನೀವು ಕೇಳಿಲ್ಲ. ಪಂದ್ಯ ಏರ್ಪಡಿಸುವ ಕಚೇರಿಯ ಮಿಜೊಗುಚಿಯವರು ಅವನಿಗೆ ಆಗಲೇ ಸೂಚನೆ ಕೊಟ್ಟಿದ್ದರಂತೆ, ನಿಮ್ಮಪ್ಪ ಮೊಹರು ಹಾಕಿದರೆ ಹೆಸರು ನಿನ್ನದೇ ಎಂದು. "ಅಪ್ಪ ಕೊಟ್ರೆ ಬೇಡ ಅನ್ನೋಕಾಗಲ್ಲ ಅಕ್ಕ" ಎಂದ. "ನಮ್ಮಲ್ಲಿ ಹಿರಿಯರು ಹೆಸರು ಕೊಟ್ಟಾಗ ಬೇಡ ಅಂದೋನು ಮಾರನೇ ದಿನ ಗರಡಿಯಲ್ಲಿ ಇರಲ್ಲ. ಎರಡೂ ಕೈ ಚಾಚಿ ತಗೋಬೇಕು ಅಷ್ಟೇ. ಕೊಡದೆ ಇದ್ರೆ ಸಾಕಾಗಿದೆ ನಂಗೆ." ಬೇಡವೇಕೆ ಎಂದು ಕೇಳಿದೆ. ಬಹಳ ಹೊತ್ತು ಮೂಲಂಗಿ ತುರಿದ. ಆಮೇಲೆ, "ಒಂದೇ ಒಂದು ಸಲ ಮಿಕಾಮಿ ಶೋಗೊ ಅನ್ನೋನು ಗೆಲ್ಲಬೇಕು. ಆಮೇಲೆ ಬೇಕಾದ್ರೆ ಬಂಡೆ ಆಗ್ತೀನಿ, ಗುಡ್ಡ ಆಗ್ತೀನಿ. ಗೆಲ್ಲದೆ ಹಾಕ್ಕೊಂಡ್ರೆ ಅದು ಅಪ್ಪನ ಹಳೇ ಚಡ್ಡಿ ಅಷ್ಟೇ, ಅಲ್ವಾ?" ಎಂದ. ಕೈ ತಪ್ಪಿ ಬೆರಳು ತುರಿದುಕೊಂಡ. ಇಬ್ಬರೂ ನಕ್ಕೆವು.

ಹೀಗೆ ಅವನು ಬೇಡ ಎನ್ನುವಂತಿಲ್ಲ, ನೀವು ಬೇಕೇ ಎಂದು ಕೇಳುವವರಲ್ಲ. ಮೂರು ದಿನದಿಂದ ಆ ಪತ್ರ ನನ್ನ ಕೈಚೀಲದಲ್ಲಿ, ಊಟದ ಡಬ್ಬಿಯ ಪಕ್ಕದಲ್ಲಿ ಕುಳಿತಿದೆ.

ನಿನ್ನೆಯ ಪಂದ್ಯದ ವಿಷಯ ಬರೆಯುತ್ತೇನೆ. ಮಧ್ಯಾಹ್ನದ ಆಟ, ಸಭಾಂಗಣ ಮುಕ್ಕಾಲು ತುಂಬಿತ್ತು. ಎದುರಾಳಿ ತೊಯೊಹಾರಾ, ಗರಡಿಯಲ್ಲಿ ಇವನಿಗಿಂತ ಒಂದು ವರ್ಷ ಹಿರಿಯ. ನನ್ನ ಪಕ್ಕದಲ್ಲಿ ಒನೊದೆರಾ ಅಜ್ಜಿ ಕುಳಿತಿದ್ದರು. ನೀವು ರಿಂಗಿಗೆ ಇಳಿದ ಮೊದಲ ವರ್ಷದಿಂದ ಕೊನೆಯ ದಿನದವರೆಗೆ, ಹೆಸರು ಕೂಗಿದಾಗಲೆಲ್ಲ ಅಭಿಮಾನಿಗಳ ಪದ್ಧತಿಯಂತೆ ನಿಮ್ಮ ಮೇಲೆ ನೇರಳೆ ಕಾಗದದ ಸುರುಳಿ ಎಸೆದ ಕ್ಷೌರದಂಗಡಿಯ ಒನೊದೆರಾ ಅಜ್ಜಿ. ಬೇಸಿಗೆಯಲ್ಲಿ ಶೋಗೊ ಅವರ ಮುಂದೆ ತೊಂಬತ್ತು ಡಿಗ್ರಿ ಬಗ್ಗಿ, "ಅಜ್ಜೀ, ದಯವಿಟ್ಟು ನನಗೆ ನೇರಳೆ ಬೇಡ. ನಾನಿನ್ನೂ ಹೊಸಬ, ಏನೂ ಬೇಡ" ಎಂದು ಕೇಳಿಕೊಂಡಿದ್ದ. ಅಜ್ಜಿ ಅಂದು, "ನೇರಳೆ ಎಸೆಯಲ್ಲ, ಸರಿ. ಏನೂ ಎಸೆಯಬೇಡ ಅನ್ನೋಕೆ ನೀನ್ಯಾರೋ?" ಎಂದಿದ್ದರು. ನಿನ್ನೆ ಅವರ ಮಡಿಲಲ್ಲಿ ಐದು ಬಿಳಿ ಸುರುಳಿಗಳಿದ್ದವು. ಎರಡನ್ನು ನನ್ನ ಕೈಗೆ ಕೊಟ್ಟು, "ನೀನೂ ಎಸಿ, ಕೈಯೇನು ಉದುರಿಹೋಗಲ್ಲ" ಎಂದರು. ನನಗೆ ನಾಚಿಕೆಯಾಯಿತು. ಹಿಡಿದುಕೊಂಡೇ ಕುಳಿತೆ.

ಉದ್ಘೋಷಕ "ಮಿಕಾಮಿ ಶೋಗೊ!" ಎಂದು ಕೂಗಿದ. ಅಜ್ಜಿಯ ಮೂರು ಬಿಳಿ ಸುರುಳಿಗಳು ಗಾಳಿಯಲ್ಲಿ ಬಿಚ್ಚಿಕೊಂಡು ನೂಲಿನ ಹಾಗೆ ಅವನ ಭುಜದ ಮೇಲೆ ಇಳಿದವು. ಅವನು ಮುಖ ಗಂಟಿಕ್ಕಿಕೊಂಡಿದ್ದ, ಆದರೆ ಕಿವಿ ಕೆಂಪಾಗಿತ್ತು. ಆಗಲೇ ನಮ್ಮ ಹಿಂದೆ, ನಿಂತು ನೋಡುವವರ ಕಡೆಯಿಂದ, ಒಂದು ನೇರಳೆ ಸುರುಳಿ ಹಾರಿ ಬಂತು. ಅದು ಬಿಚ್ಚಿಕೊಳ್ಳಲಿಲ್ಲ. ನನ್ನ ತಲೆಯ ಮೇಲೆ ಸುಂಯ್ ಎಂದು ಹೋಯಿತು. ಅವನ ಎಡ ಹುಬ್ಬಿನ ಮೇಲೆ ಬಿದ್ದ ಸದ್ದು ನನಗೆ ಕುಳಿತಲ್ಲಿಗೆ ಕೇಳಿಸಿತು. ಶೋಗೊ ಬೀಳಲಿಲ್ಲ. ತಲೆ ಎತ್ತಿ ಸುರುಳಿ ಬಂದ ದಿಕ್ಕನ್ನೇ ಒಂದು ಕ್ಷಣ ನೋಡಿದ. ಆಮೇಲೆ ರಕ್ತ ಬಂತು. ರೆಫರಿ ಬಟ್ಟೆಯಿಂದ ಒತ್ತಿ ಏನೋ ಕೇಳಿದರು. ಇವನು ತಲೆಯಾಡಿಸಿದ. ಗಂಟೆ ಹೊಡೆಯಿತು.

ಈಗ ಗದ್ದದ ವಿಷಯ ಕೇಳಬೇಡಿ, ನಾನು ಗದ್ದ ನೋಡಲಿಲ್ಲ. ಅಂಥ ಪಂದ್ಯವನ್ನು ಅವನು ಇದುವರೆಗೆ ಆಡಿರಲಿಲ್ಲ. ಒಂದೇ ಕಣ್ಣು ತೆರೆದು ತೊಯೊಹಾರಾನ ಎದೆಗೆ ಎದೆ ಕೊಟ್ಟು ನಿಂತ. ಬಿದ್ದ, ಎದ್ದ, ಮತ್ತೆ ಬಿದ್ದ, ಮತ್ತೆ ಎದ್ದ. ಎಂಟನೆಯ ನಿಮಿಷದಲ್ಲಿ ತೊಯೊಹಾರಾನ ಕಾಲು ಜಾರಿತು. ಇವನು ಎರಡೂ ಕಾಲನ್ನು ಹಿಡಿದು ರಿಂಗಿನ ನಟ್ಟನಡುವೆ ಅವನನ್ನು ಬೋರಲು ಹಾಕಿ ಕುಳಿತ. ಸಿಗಡಿ ಹಿಡಿತ, ಅಪ್ಪಾ. ಮೊದಲ ಸಲ ಹಿಡಿದವನು ನಮ್ಮವನು. ಮುಟ್ಟಿದರೆ ಹಿಡಿತ ಬಿಡಿಸುವ ಹಗ್ಗ ಎರಡೂ ಕಡೆ ದೂರ. ತೊಯೊಹಾರಾ ಮುಷ್ಟಿಯಿಂದ ನೆಲ ಗುದ್ದುತ್ತಿದ್ದ, ಮುಷ್ಟಿ ಇನ್ನೇನು ಬಿಚ್ಚಿಕೊಳ್ಳಬೇಕು, ಸೋತೆ ಎಂದು ತಟ್ಟಬೇಕು. "ಮಿಕಾಮಿ! ಮಿಕಾಮಿ!" ಎಂದು ಜನ ಕೂಗುತ್ತಿದ್ದರು. ಬಂಡೆ ಎಂದಲ್ಲ, ಅಪ್ಪನ್ನ ಕರ್ಕೊಂಬಾ ಎಂದಲ್ಲ. ನಾನೂ ಎದ್ದು ನಿಂತಿದ್ದೆ. ಆಗ ಶೋಗೊನ ಇನ್ನೊಂದು ಕಣ್ಣಿಗೂ ರಕ್ತ ಇಳಿಯಿತು. ರೆಫರಿ ಅವನ ಮುಖ ಎತ್ತಿ ನೋಡಿ ಎರಡೂ ಕೈ ಅಡ್ಡಡ್ಡ ಬೀಸಿದರು. ಪಂದ್ಯ ನಿಂತಿತು. ಗಾಯದಿಂದ ಮುಂದುವರಿಯಲಾಗದವನು ಸೋತಂತೆ. ಗಂಟೆಯ ಸದ್ದು ಕೇಳಿದರೂ ಅವನು ಹಿಡಿತ ಬಿಡಲಿಲ್ಲ. ಇಬ್ಬರು ಹಿರಿಯರು ಬಂದು ಬೆರಳು ಬಿಡಿಸಬೇಕಾಯಿತು. ನಲವತ್ತೊಂದು.

ಹುಬ್ಬಿಗೆ ಐದು ಹೊಲಿಗೆ. ಹೊಲಿಗೆಗೆ ಹೋಗುವ ಮೊದಲು ಅವನು ಏನು ಮಾಡಿದ ಗೊತ್ತೇ? ರಿಂಗಿನ ಮೇಲಿನ ಕಾಗದವನ್ನು ಹೊಸಬರೇ ಬಾಚಬೇಕಲ್ಲ, ಒಂದು ಕೈಯಲ್ಲಿ ಬಟ್ಟೆ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ಬಾಚಿದ. ತನ್ನ ಮೇಲೆ ಬಿದ್ದದ್ದನ್ನು ತಾನೇ.

ಆಟ ಮುಗಿದ ಮೇಲೆ ಮಿಜೊಗುಚಿಯವರು ನೇರವಾಗಿ ನಮ್ಮ ಸಾಲಿಗೆ ಬಂದರು. ನೇರಳೆ ಎಂದರೆ ಒನೊದೆರಾ ಎಂದು ಸಭಾಂಗಣದ ಕಸಗುಡಿಸುವವರಿಗೂ ಗೊತ್ತು. "ಕೊಳವೆ ತೆಗೆಯದೆ ಎಸೆದದ್ದು ಯಾರು?" ಎಂದು ಕೇಳಿದರು. ಅಜ್ಜಿ ನಿಧಾನವಾಗಿ ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ತಲೆ ಬಗ್ಗಿಸಿ, "ನಾನೇ. ವಯಸ್ಸಾಯ್ತು, ಮರೆತುಹೋಯ್ತು" ಎಂದರು. ನಾನು ಬಾಯಿ ತೆರೆದೆ. ಅಜ್ಜಿ ನನ್ನ ಕಾಲು ತುಳಿದರು. ಇನ್ನು ಮುಂದೆ ಬಂದು ಕೂರಬಹುದು, ಒಂದು ಸುರುಳಿಯನ್ನೂ ಎಸೆಯುವಂತಿಲ್ಲ ಎಂದು ಹೇಳಿ ಮಿಜೊಗುಚಿಯವರು ಸುರುಳಿ ತಂದಿದ್ದ ಅವರ ಖಾಲಿ ಚೀಲವನ್ನು ತೆಗೆದುಕೊಂಡು ಹೋದರು. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಕೊಳವೆಯನ್ನೂ ಮರೆಯದ ಕೈಯದು. ನನ್ನ ಕಿಸೆಯಲ್ಲಿ ನಾನು ಎಸೆಯದ ಎರಡು ಬಿಳಿ ಸುರುಳಿಗಳಿದ್ದವು, ಎರಡರಲ್ಲೂ ಕೊಳವೆ ಇರಲಿಲ್ಲ. ಅವನ್ನು ತೆಗೆದು ತೋರಿಸುವಷ್ಟು ಧೈರ್ಯ ನನಗೆ ಬರಲಿಲ್ಲ. ಅದಕ್ಕಾಗಿ ನನ್ನ ಮೇಲೆ ನನಗೇ ಕೋಪವಿದೆ. ನಿಮ್ಮ ಮೇಲಿನದು ಅದಕ್ಕಿಂತ ಸ್ವಲ್ಪ ಹೆಚ್ಚು.

ಹೌದು, ನಿಮ್ಮ ಮೇಲೆ. ಈಗ ಕೊಳವೆಯ ವಿಷಯಕ್ಕೆ ಬರುತ್ತೇನೆ.

ಗಾಯ ಒಣಗಲಿ ಎಂದು ಗರಡಿಯವರು ಶೋಗೊನನ್ನು ಎರಡು ದಿನ ಮನೆಗೆ ಕಳಿಸಿದ್ದಾರೆ. ಅಮ್ಮ ಆಸ್ಪತ್ರೆಯ ಅಡುಗೆಮನೆಯ ಕೆಲಸಕ್ಕೆ ಹೋಗಿದ್ದಳು, ಅವನು ಮಲಗಿದ್ದ, ನಾನು ನಿಮ್ಮ ಪತ್ರ ಕೊಡಲು ಮಿಜೊಗುಚಿಯವರ ಕಚೇರಿಗೆ ಹೊರಡುವ ಮೊದಲು ಅವನ ಚೀಲ ಕೊಡವಿದೆ. ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಒಳಬದಿಯಲ್ಲಿ ಅಂಗಡಿಯ ಚಿಕ್ಕ ಚೀಟಿ ಕಾಣಿಸಿತು: ಸಾಸಾಮೊರಿ ಸ್ಟೇಷನರಿ, ನಿಲ್ದಾಣದ ಎದುರು. ಕಿನು ಅತ್ತೆ ಸೇಬಿನ ಪೆಟ್ಟಿಗೆಯ ಮೇಲೆ ಅಂಟಿಸುವ ವಿಳಾಸದ ಹಾಳೆಯಲ್ಲೂ ಇದೇ ಅಂಗಡಿಯ ಹೆಸರು ಅಚ್ಚಾಗಿರುತ್ತದೆ. ಅಡುಗೆಮನೆಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನಾನು ಓದಿದ ವಿದ್ಯೆ ಕಡೆಗೂ ಒಂದು ಉಪಯೋಗಕ್ಕೆ ಬಂತು.

ಕಚೇರಿ ಇರುವುದು ಅಜ್ಜಿಯ ಅಂಗಡಿಯ ನಿಲ್ದಾಣದಿಂದ ಒಂದು ನಿಲ್ದಾಣ ಆಚೆ. ನಾನು ಅಜ್ಜಿಯ ನಿಲ್ದಾಣದಲ್ಲೇ ಇಳಿದೆ. ಸೋಮವಾರ ಕ್ಷೌರದಂಗಡಿಗೆ ರಜೆ. ಕುರ್ಚಿಗಳಿಗೆಲ್ಲ ಬಿಳಿ ಬಟ್ಟೆ ಹೊದಿಸಿದ್ದರು. ಅಜ್ಜಿ ಕನ್ನಡಿಯ ಮುಂದೆ ಕುಳಿತು ಹೊಸ ಸುರುಳಿಗಳ ಹೊಟ್ಟೆಗೆ ಹೆಬ್ಬೆರಳು ಒತ್ತಿ, ಒಳಗಿನ ಕಾಗದವನ್ನು ಸಡಿಲಿಸಿ, ಕೊಳವೆಯನ್ನು ಹೊರಗೆಳೆದು, ಮತ್ತೆ ಮೆತ್ತಗೆ ಸುತ್ತುತ್ತಿದ್ದರು. ಎಸೆಯುವಂತಿಲ್ಲದ ಸುರುಳಿಗಳನ್ನು! "ಕೈ ಸುಮ್ನೆ ಕೂರಲ್ಲ ಕಣೇ" ಎಂದರು. ನಾನು ಕೊಳವೆಯನ್ನು ಕನ್ನಡಿಯ ಹಲಗೆಯ ಮೇಲೆ, ಬಾಚಣಿಗೆಗಳ ಪಕ್ಕ ಇಟ್ಟೆ.

"ಅಯ್ಯೋ, ಅದನ್ಯಾಕೆ ತಂದೆ? ಎಸಿ ಅತ್ಲಾಗೆ."

ನೀವು ಯಾರನ್ನಾದರೂ ನೋಡಿದಿರಾ ಎಂದು ಕೇಳಿದೆ. "ನಾನು ಕನ್ನಡಕ ಹಾಕಿರ್ಲಿಲ್ಲ" ಎಂದರು. ನಿನ್ನೆ ಕನ್ನಡಕ ಅವರ ಮೂಗಿನ ಮೇಲೇ ಇತ್ತೆಂದು ಹೇಳಿದೆ. ಅಜ್ಜಿ ಒಂದು ಸುರುಳಿಯನ್ನು ಪೂರ್ತಿ ಸುತ್ತಿ, ತುದಿಯನ್ನು ಒಳಗೆ ಮಡಿಸಿ ಆದ ಮೇಲೆ ಬಾಯಿಬಿಟ್ಟರು. "ಇಪ್ಪತ್ತೇಳು ವರ್ಷ ಆ ಮನುಷ್ಯನ ಬೆನ್ನು ನೋಡಿದೀನಿ. ಮೂಗಿನವರೆಗೆ ಟೋಪಿ ಎಳ್ಕೊಂಡು ಬಾಯಿಗೆ ಬಿಳಿ ಬಟ್ಟೆ ಕಟ್ಕೊಂಡ್ರೆ ಬೆನ್ನು ಮುಚ್ಚಿಹೋಗುತ್ತಾ? ಮಗನ ಹುಬ್ಬಲ್ಲಿ ರಕ್ತ ಕಂಡಿದ್ದೇ ತಡ, ಮುಖ ತಿರುಗಿಸ್ಕೊಂಡು ಮೆಟ್ಟಿಲು ಇಳ್ದು ಓಡಿದ್ರು. ಆ ಕಾಲಲ್ಲಿ! ಹಿಂದೇ ಹೋಗಿ ಹಿಡ್ಕೋಣ ಅನ್ನಿಸ್ತು, ಬೀಳ್ತಾರೇನೋ ಅಂತ." ನಾನು ಕೊಳವೆಯನ್ನೇ ನೋಡುತ್ತಿದ್ದೆ. ಅಜ್ಜಿ ನನ್ನ ಮುಖ ನೋಡಿ ನಕ್ಕರು. "ಬೈಬೇಡ್ವೇ. ಅವರಿಗೆ ಗೊತ್ತಿಲ್ಲ ಅಷ್ಟೇ. ಇಡೀ ಜೀವಮಾನ ಮೇಲೆ ಬೀಳಿಸ್ಕೊಂಡೋರು. ಎಸೆಯೋದು ಹೇಗೇಂತ ಅವರಿಗೆ ಯಾರು ಹೇಳ್ಕೊಟ್ಟಿದ್ರು?"

ಬರುವಾಗ ರೈಲಿನಲ್ಲಿ ನಾನು ಅದನ್ನೇ ಯೋಚಿಸುತ್ತಿದ್ದೆ. ಚಿಕ್ಕವಳಿದ್ದಾಗ ನೀವು ಊರೂರು ಸುತ್ತಿ ಬಂದ ದಿನ ನಿಮ್ಮ ಬೂಟಿನೊಳಗೆ ನೇರಳೆ ಕಾಗದದ ಚೂರು ಸಿಕ್ಕಿರುತ್ತಿತ್ತು. ಅಪ್ಪ ಕೆಲಸ ಮಾಡುವ ಕಡೆ ನೇರಳೆ ಮಳೆ ಬರುತ್ತದೆ ಎಂದು ನಾನು ಶಾಲೆಯಲ್ಲಿ ಹೇಳಿಕೊಂಡಿದ್ದೆ. ನೀವೂ ಹಾಗೆಯೇ ತಿಳಿದಿದ್ದಿರಿ ಎಂದು ಕಾಣುತ್ತದೆ. ಇಪ್ಪತ್ತೇಳು ವರ್ಷ ನಿಮ್ಮ ಮೇಲೆ ಬಿದ್ದದ್ದು ಯಾಕೆ ಅಷ್ಟು ಮೆತ್ತಗೆ ಬೀಳುತ್ತಿತ್ತು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಯಾರೋ ಒಬ್ಬರು ಕ್ಷೌರದಂಗಡಿಯಲ್ಲಿ, ಇನ್ನೊಬ್ಬರು ಮೀನಿನಂಗಡಿಯ ಹಿಂದೆ, ರಜೆಯ ದಿನ ಕುಳಿತು ಒಂದೊಂದೇ ಕೊಳವೆ ಕಿತ್ತು ತೆಗೆದಿದ್ದಕ್ಕೆ, ಅಪ್ಪಾ. ಆ ಒಪ್ಪಿಗೆ ಪತ್ರವನ್ನೂ ನೀವು ಹೀಗೆಯೇ ಎಸೆದಿದ್ದೀರಿ. ಪ್ರೀತಿಯಿಂದಲೇ. ಗುರಿ ಇಟ್ಟೇ. ಕೊಳವೆ ತೆಗೆಯದೆ.

ರಾತ್ರಿಯಿಡೀ ಬಸ್ಸಿನಲ್ಲಿ ಆ ಕುತ್ತಿಗೆ ಹೊತ್ತು ಬಂದಿರಿ. ಅದು ನನಗೆ ಗೊತ್ತಾಗುತ್ತದೆ. ಇನ್ನು ಎಂಟೇ ನಿಮಿಷ ನಿಂತಿದ್ದರೆ ನಿಮ್ಮ ಮಗ ಸಿಗಡಿ ಹಿಡಿತ ಹಾಕಿ ಕುಳಿತದ್ದನ್ನು ನೋಡುತ್ತಿದ್ದಿರಿ, ಜನ ಅವನ ಹೆಸರು ಕೂಗಿದ್ದನ್ನು ಕೇಳುತ್ತಿದ್ದಿರಿ. ಎರಡು ವರ್ಷ ಜಗಳವಾಡಿ, ಆಣೆ ಇಟ್ಟು, ಆಣೆ ಮುರಿದು, ಹಲ್ಲಿನ ಡಾಕ್ಟರ ಸುಳ್ಳು ಹೇಳಿಸಿ, ಅಷ್ಟು ದೂರ ಬಂದು, ನೋಡಬೇಕಾದದ್ದನ್ನೇ ನೋಡದೆ ಓಡಿಹೋದಿರಲ್ಲ. ಯಾರಿಗೆ ಹೇಳಲಿ ಇದನ್ನು?

ನನ್ನದೊಂದು ಕೋರಿಕೆ. ಮಿಜೊಗುಚಿಯವರಿಗೆ ನೀವೇ ಕಾಗದ ಬರೆಯಿರಿ. ಎಸೆದದ್ದು ನಾನು, ಒನೊದೆರಾ ಅವರಲ್ಲ ಎಂದು ಎರಡು ಸಾಲು ಸಾಕು. ನಿಮಗೆ ಮೂರು ಸಾಲು ಬರೆಯುವ ಅಭ್ಯಾಸವಿದೆ, ಒಂದು ಸಾಲು ಉಳಿಯುತ್ತದೆ. ಅದರಲ್ಲಿ ಅಜ್ಜಿಯ ಕ್ಷಮೆ ಕೇಳಿ.

ಕಿನು ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಇನ್ನು ಮೇಲೆ ಹೇಳಿಸಬೇಡಿ. ಅಮ್ಮ ಉಣ್ಣೆಯ ಮೊಣಕಾಲು ಚೀಲ ಹೆಣೆಯುತ್ತಿದ್ದಾಳೆ, ಯಾರಿಗೆಂದು ಕೇಳಿದರೆ ಹೇಳುವುದಿಲ್ಲ, ಅಳತೆ ಮಾತ್ರ ನಿಮ್ಮದೇ. ಸೂರು ಹತ್ತಬೇಡಿ. ಕುತ್ತಿಗೆಯ ಪಟ್ಟಿ ಹಾಕಿಕೊಳ್ಳಿ. ಬೆಚ್ಚಗಿರಿ.

ನಿಮ್ಮ ಮಗಳು,
ಫುಮಿ

ಮರೆತದ್ದು: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಶೋಗೊ ಎದ್ದು ಬಂದ. ಸಂಜೆಯ ಅಂಚೆ ಹೊರಡುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಕೊತತ್ಸು ಬಿಸಿಮೇಜಿನ ಹೊದಿಕೆಯೊಳಗೆ ಕಾಲು ತೂರಿಸಿ ಕುಳಿತು ನಿಮ್ಮ ಸೇಬನ್ನು ಸಿಪ್ಪೆಯ ಸಮೇತ ಕಚ್ಚಿದ. ಮೇಜಿನ ಮೇಲೆ ಕೊಳವೆ ಇತ್ತು. ಯಾರಿಗೆ ಬರೆಯುತ್ತಿದ್ದೀಯೆಂದು ಅವನು ಕೇಳಲಿಲ್ಲ. "ಅಪ್ಪನ ಮೊಣಕಾಲು ಹೇಗಿದೆಯಂತೆ?" ಎಂದ. ನಾನು ಲಕೋಟೆಯನ್ನು ಮಗುಚಿ ಇಟ್ಟೆ. "ಅಷ್ಟು ಮೆಟ್ಟಿಲು ಹತ್ತಬಾರದಿತ್ತು ಅವರು. ಭುಜ ಮಾತ್ರ ಇನ್ನೂ ಚೆನ್ನಾಗಿದೆ ಅಕ್ಕ. ಅಲ್ಲಿಂದ ನನ್ನ ಹುಬ್ಬಿಗೆ!" ಎಂದು ನಗಲು ಹೋಗಿ ಹೊಲಿಗೆ ಎಳೆದು ಮುಖ ಕಿವುಚಿದ. ರಿಂಗಿನ ಮೇಲಿಂದ ನಿಮ್ಮನ್ನು ಆಗಲೇ ನೋಡಿದ್ದನಂತೆ. ನೀವು ಇನ್ನೂ ಅಲ್ಲೇ ನಿಂತು ನೋಡುತ್ತಿದ್ದೀರೆಂದು ನಂಬಿಯೇ ಅಷ್ಟು ಹೊತ್ತು ಹಿಡಿತ ಬಿಡಲಿಲ್ಲವಂತೆ. ನೀವು ಓಡಿಹೋದದ್ದನ್ನು ನಾನು ಅವನಿಗೆ ಹೇಳಲಿಲ್ಲ, ಹೇಳುವುದೂ ಇಲ್ಲ. ಆದರೆ ನಿಮ್ಮ 'ಹ್ಞೂಂ'ಗೆ ಅರ್ಥ ಹೇಳುವುದನ್ನು ಇವತ್ತಿಗೆ ನಿಲ್ಲಿಸಿದ್ದೇನೆ. ಮುಂದಿನ ಪಂದ್ಯ ಇದೇ ಇಪ್ಪತ್ತೆರಡನೆಯ ತಾರೀಖು, ಅದೇ ಸಭಾಂಗಣ, ಟಿಕೆಟ್ ಇದರೊಳಗಿದೆ. ಜೊತೆಗೆ ಒಂದು ಬಿಳಿ ಸುರುಳಿ ಇಟ್ಟಿದ್ದೇನೆ, ಅಜ್ಜಿ ಕೊಳವೆ ತೆಗೆದದ್ದು. ಇನ್ನೊಂದನ್ನು ಅವತ್ತು ನಾನು ಎಸೆಯುತ್ತೇನೆ. ನೀವು ಮೊಹರು ಹಾಕಿದ ಪತ್ರ ಮಾತ್ರ ಇದರಲ್ಲಿಲ್ಲ. ಅದು ಮಿಜೊಗುಚಿಯವರ ಕೈಯಲ್ಲೂ ಇಲ್ಲ. ನನ್ನ ದೊಡ್ಡ ನಿಘಂಟಿನೊಳಗೆ ಇಟ್ಟಿದ್ದೇನೆ, ಪೋಸ್ಟರು ಅಚ್ಚಿಗೆ ಹೋಗುವ ಶುಕ್ರವಾರ ಕಳೆದ ಮೇಲೂ ಅಲ್ಲೇ ಇರುತ್ತದೆ.